ಸಲಾಲಾ ದಾರಿಯಲ್ಲಿ ದಮ್ಮು ಕಟ್ಟಿದ ಗಾಡಿ

ಮಸ್ಕತ್

ಅಣ್ಣನ ಗಾಡಿಗೆ ದಮ್ಮು ಕಟ್ಟುತ್ತದೆ ಎಂದು ನನಗೆ ಗೊತ್ತಾದದ್ದು ವಿಮಾನ ನಿಲ್ದಾಣದಿಂದ ಅವನ ಮನೆಗೆ ಹೋಗುವ ದಾರಿಯಲ್ಲೇ. ಮೇಲ್ಸೇತುವೆಯ ಏರು ಹತ್ತುವಾಗ ಅವನು ಕಾಲು ಒತ್ತಿದ. ಗಾಡಿ ಗುಂಯ್ ಎಂದು ಮುಂದಕ್ಕೆ ಹಾರಿತು, ನನ್ನ ಬೆನ್ನು ಸೀಟಿಗೆ ಅಂಟಿತು. ಮರುಕ್ಷಣ ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದ ಹಾಗೆ ಎಲ್ಲ ಸಪ್ಪೆಯಾಯಿತು.

"ಕಂಡೆಯಾ?" ಎಂದ ಅಣ್ಣ. ತುಂಬ ದಿನಗಳ ಮೇಲೆ ತಂಗಿಯನ್ನು ಕಂಡವನ ಎರಡನೆಯ ಮಾತು ಅದು. ಮೊದಲನೆಯದು, "ಉಪ್ಪಿನಕಾಯಿ ತಂದಿದ್ದೀಯಾ?"

ನಾವು ಕಾಪುವಿನವರು. ಅಣ್ಣ ದಿನೇಶ ಮತ್ತು ನಾನು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಅದನ್ನು ಕನ್ನಡ ಮಾಡಿ ಬರೆದಿದ್ದೇನೆ. ಅವನು ಹರೆಯದಲ್ಲೇ ಒಮಾನಿಗೆ ಹೋದವನು, ಒಂದು ಕಂಪೆನಿಯ ಗೋಡೌನ್ ನೋಡಿಕೊಳ್ಳುತ್ತಾನೆ. ಇನ್ನು ಊರಿಗೆ ಬರುವುದೆಂದು ತೀರ್ಮಾನವಾಗಿ, ಅತ್ತಿಗೆ ಮೊದಲೇ ಬಂದು ಕಾಪುವಿನ ಮನೆಗೆ ಬಣ್ಣ ಹೊಡೆಸುತ್ತಿದ್ದಳು. "ನಾನು ಇಲ್ಲಿರುವಾಗಲೇ ಒಮ್ಮೆ ಬಂದು ಹೋಗು ಮಾರಾಯ್ತಿ. ಸಲಾಲಾ ತೋರಿಸ್ತೇನೆ. ಅಲ್ಲಿ ಈಗ ಖರೀಫ್, ಅವರ ಮಳೆಗಾಲ" ಎಂದು ಕರೆದಿದ್ದ. ಮರುಭೂಮಿಯ ಆ ತುದಿಯಲ್ಲಿ ಮಳೆಗಾಲ ಇರುತ್ತದೆ ಎಂಬುದೇ ನನಗೆ ನಿದ್ದೆಯಲ್ಲಿ ಕೇಳಿದ ಮಾತಿನ ಹಾಗಿತ್ತು. ರಜೆ ಹಾಕಿ ಹೊರಟೆ.

ಗಾಡಿಯ ವಿಷಯ ಸ್ವಲ್ಪ ಹೇಳಬೇಕು. ಬಿಳಿಯ, ಎತ್ತರದ, ದೊಡ್ಡ ಎಂಜಿನಿನ ಗಾಡಿ. ಎಂಜಿನಿನ ನೆತ್ತಿಯ ಮೇಲೆ ಸೂಪರ್‌ಚಾರ್ಜರ್ ಎಂಬ ಗಾಳಿಯಂತ್ರ ಕೂತಿದೆ. ಅದು ಬೆಲ್ಟಿನಿಂದ ತಿರುಗುತ್ತಾ, ಎಂಜಿನ್ ತಾನಾಗಿ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಅದರೊಳಗೆ ತುರುಕುತ್ತದೆ. ಹೆಚ್ಚು ಗಾಳಿಗೆ ಎಷ್ಟು ಪೆಟ್ರೋಲು ಸೇರಬೇಕು, ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕು ಎಂದೆಲ್ಲ ಗಾಡಿಯ ಕಂಪ್ಯೂಟರಿಗೆ ಹೊಸದಾಗಿ ಹೇಳಿಕೊಡುವುದಕ್ಕೆ ಟ್ಯೂನ್ ಮಾಡುವುದು ಎನ್ನುತ್ತಾರೆ. ಈ ಗಾಡಿಯನ್ನು ಟ್ಯೂನ್ ಮಾಡಿದವನು ಸಲೀಂ.

ಸಲೀಂ ಸಲಾಲಾದವನು, ಅಣ್ಣನ ಜತೆ ಒಂದೇ ಕಂಪೆನಿಯಲ್ಲಿದ್ದವನು. ಶುಕ್ರವಾರ ಬಂದರೆ ಇಬ್ಬರೂ ಈ ಗಾಡಿಯ ಕೆಳಗೆ ಮಲಗಿರುತ್ತಿದ್ದರು. ಅತ್ತಿಗೆ ನಾಲ್ಕು ಕಾಲುಗಳನ್ನು ನೋಡಿ ಚಹಾ ಇಟ್ಟು ಹೋಗುತ್ತಿದ್ದಳಂತೆ. ಕಳೆದ ಬೇಸಿಗೆಯಲ್ಲಿ ಗೆಳೆಯರೆಲ್ಲ ಸೇರಿ ಮರಳುದಿಬ್ಬ ಹತ್ತಿಸಲು ಹೋದಾಗ ಗಾಡಿ ಅರ್ಧದಲ್ಲೇ ಸೋತಿತು. ಹತ್ತು ಜನರ ಎದುರು ಅಣ್ಣ, "ಇವನ ಟ್ಯೂನೇ ಬೋಗಸ್" ಎಂದುಬಿಟ್ಟ. ಸಲೀಂ ಕೈ ಒರೆಸಿಕೊಂಡು ಹೊರಟುಹೋದ. ಆಮೇಲೆ ಕೆಲಸ ಬಿಟ್ಟು ತನ್ನ ಊರು ಸೇರಿದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಸಲಾಲಾ ತೋರಿಸುವ ಉತ್ಸಾಹದ ಒಳಗುಟ್ಟು ನನಗೆ ತಿಳಿದದ್ದು ಮನೆಯಲ್ಲಿ ಊಟಕ್ಕೆ ಕೂತಾಗ.

"ಊರಿಗೆ ಹೋಗುವ ಮೊದಲು ಸಲೀಂನ ಮುಂದೆ ಅವನ ತಪ್ಪಿಗೆ ಸಾಕ್ಷಿ ಇಡ್ಬೇಕು" ಎಂದ ಅಣ್ಣ. "ಗಾಡಿ ಓಡುವಾಗ ಒಳಗೆ ಎಂತ ಎಂತ ಆಗ್ತದೆ ಅಂತ ಲ್ಯಾಪ್‌ಟಾಪ್ ಬರೆದುಕೊಳ್ತದೆ. ಅದಕ್ಕೆ ಲಾಗ್ ಅಂತ ಹೇಳುವುದು. ನಾನು ಓಡಿಸ್ತೇನೆ, ನೀನು ಅದನ್ನು ತೊಡೆ ಮೇಲೆ ಇಟ್ಟುಕೊಂಡು ಕೂತ್ಕೊ. ನಿನ್ನ ಕೆಲಸವೂ ಅದೇ ಅಲ್ವಾ?"

ಸುಳ್ಳಲ್ಲ. ಮಣಿಪಾಲದ ಒಂದು ಆಸ್ಪತ್ರೆಯ ನಿದ್ರಾ ತಪಾಸಣೆಯ ವಿಭಾಗದಲ್ಲಿ ನಾನು ಟೆಕ್ನೀಶಿಯನ್. ಗೊರಕೆ ಹೊಡೆಯುವವರನ್ನು, ನಿದ್ದೆಯಲ್ಲಿ ಉಸಿರು ಕಟ್ಟುವವರನ್ನು ಮಲಗಿಸಿ, ಎದೆಗೆ ಮೂಗಿಗೆ ತಂತಿ ಅಂಟಿಸಿ, ಪರದೆಯ ಮೇಲೆ ಓಡುವ ಗೆರೆಗಳನ್ನು ಕಾಯುವುದು ನನ್ನ ಹೊಟ್ಟೆಪಾಡು.

ಆದಂ

ಊರಿನ ಹೆಸರೇ ಆದಂ. ಅಲ್ಲಿಂದ ಮುಂದೆ ಗುಡ್ಡ, ಮನೆ, ಖರ್ಜೂರದ ತೋಟ ಒಂದೊಂದೇ ಕಡಿಮೆಯಾಗಿ ಕೊನೆಗೆ ಏನೂ ಉಳಿಯುವುದಿಲ್ಲ. ನಮ್ಮ ಕಡೆ ಕಣ್ಣಿಗೆ ಯಾವಾಗಲೂ ಏನಾದರೊಂದು ಅಡ್ಡ ಬರುತ್ತದೆ: ತೆಂಗಿನ ತಲೆ, ಮೀನಿನ ಲಾರಿ, ಕಾರ್ಕಳದಲ್ಲಾದರೆ ಆನೆ ಮಲಗಿದಂಥ ಕರಿಬಂಡೆ. ಇಲ್ಲಿ ನೋಟಕ್ಕೆ ತಡೆಯೇ ಇಲ್ಲ. ನೋಡುತ್ತಾ ಹೋದರೆ ನಮ್ಮ ಕಣ್ಣೇ ನಮ್ಮನ್ನು ಬಿಟ್ಟು ಮುಂದೆ ಹೋದ ಹಾಗಾಗುತ್ತದೆ. ದೂರದಲ್ಲಿ ರಸ್ತೆಯ ಮೇಲೆ ನೀರು ನಿಂತಿರುತ್ತದೆ. ಹತ್ತಿರ ಹೋದರೆ ಹಿಂದೆ ಸರಿಯುತ್ತದೆ. ಅದು ಬಿಸಿಲಿನ ಆಟ ಎಂದು ಗೊತ್ತಿದ್ದರೂ ಪ್ರತಿ ಸಲ, ಈ ಸಲ ಟೈರಿಗೆ ನೀರು ಸಿಡಿದೀತು ಎಂದು ಕಾಯುತ್ತಿದ್ದೆ.

ತೊಡೆಯ ಮೇಲೆ ಲ್ಯಾಪ್‌ಟಾಪ್. ಅದರಿಂದ ಹೊರಟ ತಂತಿ ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ. ಪರದೆಯಲ್ಲಿ ನಾಲ್ಕು ಗೆರೆ. ನೀಲಿ, ತುರುಕಿದ ಗಾಳಿಯ ಒತ್ತಡ. ಹಸಿರು, ಪೆಟ್ರೋಲಿನ ಪ್ರಮಾಣ. ಹಳದಿ, ಕಿಡಿ ಹಾರುವ ಸಮಯ. ಕೆಂಪು, ಎಂಜಿನ್ ಒಳಗೆ ಹೋಗುವ ಗಾಳಿಯ ಬಿಸಿ. ಮುಂದೆ ಹಿಂದೆ ಯಾರೂ ಇಲ್ಲದ ಕಡೆ ಅಣ್ಣ, "ಈಗ" ಎನ್ನುತ್ತಿದ್ದ. ನಾನು ಗುಂಡಿ ಒತ್ತುತ್ತಿದ್ದೆ. ಗಾಡಿ ಹಾರುತ್ತಿತ್ತು, ಸೋಲುತ್ತಿತ್ತು. ಗೆರೆಗಳು ಏರಿಳಿದು ಮತ್ತೆ ಮಲಗುತ್ತಿದ್ದವು.

ಮಧ್ಯಾಹ್ನದ ಊಟಕ್ಕೆ ನಿಲ್ಲಿಸಿದಾಗ ಅಣ್ಣ ಅನ್ನ ಮೀನು ಮುಟ್ಟದೆ ಪರದೆ ನೋಡಿದ. ಮುಖ ಅರಳಿತು.

"ನೋಡು, ಹಳದಿ ಗೆರೆ ನೋಡು! ನಾನು ಕಾಲು ಒತ್ತಿದ ಕೂಡಲೇ ಕಿಡಿಯನ್ನು ಹಿಂದಕ್ಕೆ ಎಳೀತಾ ಉಂಟು. ಕಿಡಿ ತಡವಾಗಿ ಹಾರಿದರೆ ಶಕ್ತಿ ಎಲ್ಲಿಂದ ಬರ್ತದೆ? ಇದನ್ನು ಬರೆದವನು ಯಾರು? ಸಲೀಂ!"

ಹೋಟೆಲಿನ ಮಲಯಾಳಿ ಹುಡುಗಿಗೆ ನಾವು ಜಗಳವಾಡುತ್ತಿದ್ದೇವೆ ಎನ್ನಿಸಿರಬೇಕು. ಕೇಳದೆಯೇ ಎರಡು ಗ್ಲಾಸ್ ಮಜ್ಜಿಗೆ ತಂದಿಟ್ಟಳು.

ಊಟವಾದ ಮೇಲೆ ನಾನು ನಿದ್ದೆಹೋದೆ. ಎದ್ದಾಗ ಲ್ಯಾಪ್‌ಟಾಪ್ ಇನ್ನೂ ಬರೆದುಕೊಳ್ಳುತ್ತಲೇ ಇತ್ತು. ನಿಲ್ಲಿಸಲು ಮರೆತಿದ್ದೆ. ನನ್ನ ನಿದ್ದೆಯುದ್ದಕ್ಕೂ ಅಣ್ಣ ಒಂದೇ ಹದದಲ್ಲಿ ಓಡಿಸಿದ್ದ. ಆ ಉದ್ದಾನುದ್ದ, ಏನೂ ನಡೆಯದ ಗೆರೆಗಳನ್ನು ನೋಡಿ ಅವನು ನಕ್ಕ. "ಇದನ್ನು ನಿನ್ನ ಆಸ್ಪತ್ರೆಗೆ ಕೊಂಡುಹೋಗು."

ಹೈಮಾಕ್ಕೆ ಸ್ವಲ್ಪ ಮೊದಲು

ರಸ್ತೆ ಅಗಲ ಮಾಡುವ ಕೆಲಸ ನಡೆದಿದ್ದ ಕಡೆ ಹೋಗುವವರಿಗೆ ಒಂದು, ಬರುವವರಿಗೆ ಒಂದು ಪಟ್ಟಿ ಮಾತ್ರ ಉಳಿದಿತ್ತು. ನಮ್ಮ ಮುಂದೆ ಪೈಪು ಹೇರಿದ ಉದ್ದನೆಯ ಟ್ರೇಲರ್. ಅಣ್ಣ ಬಹಳ ಹೊತ್ತು ಅದರ ಹಿಂದೆಯೇ ಬಂದು, ಎದುರಿಗೆ ಖಾಲಿ ಕಂಡಾಗ ಪಕ್ಕಕ್ಕೆ ಎಳೆದು ಕಾಲು ಒತ್ತಿದ. ನಾವು ಟ್ರೇಲರಿನ ಹೊಟ್ಟೆಯ ಪಕ್ಕದಲ್ಲಿರುವಾಗ ಗಾಡಿಯ ಬಲ ಕುಸಿಯಿತು. ಆಗಲೇ ಎದುರಿನ ಬಿಸಿಲುನೀರಿನೊಳಗಿಂದ ಒಂದು ಕಪ್ಪು ಚುಕ್ಕೆ ಎದ್ದು ಬಂತು. ಚುಕ್ಕೆ ಲಾರಿಯಾಯಿತು.

ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದೆ. ಟ್ರೇಲರಿನ ಚಾಲಕ ನಮ್ಮ ಅವಸ್ಥೆ ಕಂಡು ಬ್ರೇಕ್ ಒತ್ತಿರಬೇಕು. ಅದರ ಮೂತಿ ಹಿಂದೆ ಸರಿಯಿತು, ಅಣ್ಣ ಒಳಗೆ ನುಗ್ಗಿಸಿದ. ಎದುರಿನ ಲಾರಿ ಉದ್ದಕ್ಕೂ ಹಾರ್ನ್ ಹೊಡೆಯುತ್ತಾ ಹಾದುಹೋಯಿತು. ಮುಂದೆ ಮಣ್ಣಿನ ಬದಿಯಲ್ಲಿ ಗಾಡಿ ನಿಲ್ಲಿಸಿದ.

"ಇನ್ನು ಇದರಲ್ಲಿ ಓವರ್‌ಟೇಕ್ ಮಾಡುವುದಿಲ್ಲ ಅಂತ ಹೇಳು" ಎಂದೆ.

"ಇಲ್ಲ ಮಾರಾಯ್ತಿ. ದೇವರಾಣೆ ಇಲ್ಲ."

ಬಾನೆಟ್ ಎತ್ತಿ ನಿಂತೆವು. ನಮ್ಮ ಪಡುಬಿದ್ರಿ ಪೇಟೆಯಲ್ಲಿ ಹೀಗೆ ಬಾನೆಟ್ ಎತ್ತಿದರೆ ಹತ್ತು ಜನ ಸೇರುತ್ತಾರೆ, ಹತ್ತು ಸಲಹೆ ಬರುತ್ತದೆ, ನಡುವೆ ಇಬ್ಬರಿಗೆ ಜಗಳವೂ ಆಗುತ್ತದೆ. ಇಲ್ಲಿ ದಾಟಿದ ಪ್ರತಿಯೊಂದು ಗಾಡಿಯೂ ನಿಂತಿತು. ಗಾಜು ಇಳಿಸಿ, ಕೈ ಎತ್ತಿ, ಎಲ್ಲ ಸರಿಯಿದೆಯೇ ಎಂದು ಕೇಳಿ, ನೀರಿನ ಬಾಟಲಿ ಕೊಟ್ಟು ಹೋಗುತ್ತಿದ್ದರು. ಎಂಜಿನ್ ಕಡೆ ಯಾರೂ ಕಣ್ಣೆತ್ತಿ ನೋಡಲಿಲ್ಲ. ಬಿಳಿಗಡ್ಡದ ಒಬ್ಬ ಮುದುಕ ಇಳಿದು ಬಂದು, ನನ್ನ ಅಂಗೈ ಬಿಡಿಸಿ ಖರ್ಜೂರ ತುಂಬಿಸಿ, ಒಂದು ಮಾತೂ ಆಡದೆ ಹೋದ. ಬಿಸಿಲಿಗೆ ಆ ಹಣ್ಣು ಬೆಲ್ಲದ ಪಾಕದಷ್ಟು ಮೆತ್ತಗಾಗಿತ್ತು. ಮುಕ್ಕಾಲು ಗಂಟೆಯಲ್ಲಿ ನಮ್ಮ ಹಿಂದಿನ ಸೀಟು ನೀರಿನ ಬಾಟಲಿಗಳಿಂದ ತುಂಬಿತು.

ಹೈಮಾ

ರಾತ್ರಿ ತಂಗಿದ್ದ ವಸತಿಗೃಹದ ಮುಂದೆ ಬೆಳಗಿನ ಚಹಾಕ್ಕೆ ಕೂತಿದ್ದೆವು. ಮರುಭೂಮಿಯ ಬೆಳಗ್ಗೆ ಇಷ್ಟು ಮೃದು ಇರುತ್ತದೆಂದು ನನಗೆ ತಿಳಿದಿರಲಿಲ್ಲ. ನೆಲ, ಆಕಾಶ ಎರಡೂ ಹಾಲು ಬೆರೆಸಿದ ಬಣ್ಣ. ಯಾವುದು ಎಲ್ಲಿ ಮುಗಿಯುತ್ತದೆ ಎನ್ನಲಾಗದು. ನಾನು ನಿನ್ನೆಯ ಗೆರೆಗಳನ್ನು ಸುಮ್ಮನೆ ಹಿಂದೆ ಮುಂದೆ ಓಡಿಸುತ್ತಿದ್ದೆ. ನನ್ನ ಕೆಲಸದಲ್ಲಿ ಉಸಿರು ಯಾವಾಗ ನಿಂತಿತು ಎಂದು ನೋಡಿದರೆ ಸಾಲದು. ಆಮೇಲೆ ಮನುಷ್ಯ ಹೇಗೆ ಸುಧಾರಿಸಿಕೊಂಡ ಎಂದು ನೋಡಬೇಕು. ಅಭ್ಯಾಸಬಲದಿಂದ ಕಣ್ಣು ಅಲ್ಲಿಗೇ ಹೋಯಿತು.

"ಅಣ್ಣ, ನೀನು ಕಾಲು ತೆಗೆದ ಮೇಲೆ ಈ ಕೆಂಪು ಗೆರೆ ಇಳಿಯಬೇಕಲ್ವಾ?"

"ಇಳಿಯಬೇಕು. ಸೂಪರ್‌ಚಾರ್ಜರ್ ಒತ್ತುವಾಗ ಗಾಳಿ ಬಿಸಿ ಆಗ್ತದೆ. ಅದನ್ನು ತಣಿಸ್ಲಿಕ್ಕೆ ಬೇರೆಯೇ ನೀರು ಉಂಟು, ಅದಕ್ಕೆ ಒಂದು ಸಣ್ಣ ಪಂಪ್ ಉಂಟು."

"ಇಳಿಯುತ್ತಾ ಇಲ್ಲ. ನಾನು ಮಲಗಿದ್ದಾಗ ನೀನು ಅಷ್ಟು ನಿಧಾನ ಓಡಿಸಿದ್ದೀ, ಆಗಲೂ ಇಳಿದಿಲ್ಲ."

"ಬೇಸಿಗೆ ಅಲ್ವಾ?"

"ಮಸ್ಕತ್ ಬಿಡುವಾಗ ಬೆಳಿಗ್ಗೆ ಇಷ್ಟು ಬಿಸಿ ಇರಲಿಲ್ಲ. ಆಗಲೂ ಹೀಗೇ."

ಅವನು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ. ಅದರಲ್ಲೇ ಹಳೆಯ ಲಾಗ್ ಒಂದಿತ್ತು. ಟ್ಯೂನ್ ಮಾಡಿದ ದಿನ ಸಲೀಂ ಪಕ್ಕದಲ್ಲಿ ಕೂತು ತೆಗೆದದ್ದು. ಎರಡನ್ನೂ ಒಂದರ ಮೇಲೊಂದು ಇಟ್ಟ. ಹಳೆಯದರಲ್ಲಿ ಕೆಂಪು ಗೆರೆ ಏರಿ, ಕಾಲು ತೆಗೆದ ಕೂಡಲೇ ಇಳಿದು, ಮುಂದಿನ ಸಲಕ್ಕೆ ಸಿದ್ಧವಾಗಿ ನಿಲ್ಲುತ್ತಿತ್ತು. ಹಳದಿ ಗೆರೆ ಅಲುಗಿರಲೇ ಇಲ್ಲ. ನಿನ್ನೆಯದರಲ್ಲಿ ಕೆಂಪು ಮೆಟ್ಟಿಲು ಹತ್ತಿದ ಹಾಗೆ ಮೇಲೇರುತ್ತಲೇ ಹೋಗಿತ್ತು. ಅದು ಒಂದು ಮೆಟ್ಟಿಲು ಏರಿದ ಮೇಲೆಯೇ ಹಳದಿ ಒಂದು ಮೆಟ್ಟಿಲು ಇಳಿದಿತ್ತು.

"ನೀಲಿ ಗೆರೆ ಕುಸಿಯಲಿಲ್ಲ" ಎಂದ ಅಣ್ಣ, ತನಗೇ ಹೇಳಿಕೊಳ್ಳುವವನಂತೆ. "ಅಂದರೆ ಬೆಲ್ಟ್ ಜಾರ್ತಾ ಇಲ್ಲ. ಪೆಟ್ರೋಲು ಸರಿ ಉಂಟು. ಗಾಳಿ ಬಿಸಿ ಆದದ್ದಕ್ಕೆ ಕಿಡಿ ಹಿಂದೆ ಹೋದದ್ದು."

ಚಹಾ ಬಿಟ್ಟು ಎದ್ದ. ಎಂಜಿನ್ ಚಾಲು ಮಾಡಿ, ಬಾನೆಟ್ ಎತ್ತಿ, ಪಕ್ಕದ ಪುಟ್ಟ ಟ್ಯಾಂಕಿಯ ಮುಚ್ಚಳ ತೆಗೆದ. ಪಂಪು ಗುನುಗುತ್ತಿತ್ತು. ನೀರು ಸುತ್ತುತ್ತಿದ್ದರೆ ಅಲ್ಲಿ ಅಲುಗಾಟ ಕಾಣಬೇಕಂತೆ. ನಾನೂ ಬಗ್ಗಿ ನೋಡಿದೆ. ನೀರು ನಿದ್ದೆ ಮಾಡುತ್ತಿತ್ತು, ನನ್ನ ಮುಖ ಅಲುಗದೆ ಕಾಣುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಎರಡು ಪೈಪುಗಳನ್ನು ಮುಟ್ಟಿ ನೋಡು ಎಂದ. ಒಂದು ಕೈ ಹಿಂದೆಗೆಯುವಷ್ಟು ಬಿಸಿ, ಇನ್ನೊಂದು ಬೆಳಗಿನ ಗಾಳಿಯಷ್ಟೇ ತಂಪು.

"ನೀರು ಹೋಗ್ತಾ ಇಲ್ಲ. ಪೈಪಿನ ಒಳಗೆ ಎಲ್ಲೋ ಗಾಳಿ ಕೂತಿದೆ."

"ಹೇಗೆ?"

ಅವನು ಬಂಪರಿಗೆ ಒರಗಿದ. ಆಮೇಲೆ ಹೇಳಿದ. ಜಗಳಕ್ಕೆ ಕೆಲವು ವಾರ ಮೊದಲು ಕಲ್ಲು ಸಿಡಿದು ಮುಂದಿನ ಸಣ್ಣ ರೇಡಿಯೇಟರ್ ತೂತಾಗಿತ್ತು. ಸಲೀಂ ಊರಲ್ಲಿರಲಿಲ್ಲ. ಅಣ್ಣ ತಾನೇ ಹೊಸದನ್ನು ಹಾಕಿ ನೀರು ತುಂಬಿಸಿದ್ದ. ಸಲೀಂ ಫೋನಿನಲ್ಲಿ, "ಗಾಡಿಯ ಮೂತಿ ಎತ್ತರ ಮಾಡಿ ನಿಲ್ಲಿಸಿ, ಒಳಗಿನ ಗಾಳಿಯನ್ನೆಲ್ಲ ಹೊರಗೆ ಬಿಡು" ಎಂದಿದ್ದ. "ಪಂಪ್ ಉಂಟಲ್ಲ, ಅದೇ ತಳ್ತದೆ" ಎಂದು ಅಣ್ಣ ನಕ್ಕು ಫೋನ್ ಇಟ್ಟಿದ್ದ.

"ಮತ್ತೆ ಹಳದಿ ಗೆರೆ?" ಎಂದೆ. "ಅದನ್ನು ಸಲೀಂ ಯಾಕೆ ಹಾಗೆ ಬರೆದ?"

"ಗಾಳಿ ಅಷ್ಟು ಬಿಸಿ ಇರುವಾಗ ಕಿಡಿ ಬೇಗ ಹಾರಿದರೆ ಎಂಜಿನ್ ಒಡೆದುಹೋಗ್ತದೆ. ಅದಕ್ಕೆ." ದನಿ ಸಣ್ಣದಾಗಿತ್ತು. "ಅವನು ಅದನ್ನು ಬರೆಯದಿದ್ದರೆ ಆ ದಿಬ್ಬದಲ್ಲೇ ಎಂಜಿನ್ ಹೋಗ್ತಿತ್ತು, ವಿನೋದಾ. ಇಷ್ಟು ದಿನ ಅವನೇ ಇದನ್ನು ಉಳಿಸಿದ್ದು."

ಥುಮ್ರೈತ್

ಆ ದಿನವಿಡೀ ನಾವು ಮದುವೆ ದಿಬ್ಬಣದ ಹಾಗೆ ಮೆಲ್ಲ ಹೋದೆವು. ಯಾವ ಟ್ರೇಲರನ್ನೂ ಹಿಂದೆ ಹಾಕಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದೆ. ಅಣ್ಣ ಹಾಡೂ ಹಾಕಲಿಲ್ಲ. ಮರಳಿನ ಬಣ್ಣ ಗಂಟೆಗೊಮ್ಮೆ ಬದಲಾಗುತ್ತಿತ್ತು: ಗೋಧಿ, ರಾಗಿ, ಮತ್ತೆ ಒಗೆದು ಒಗೆದು ಮಾಸಿದ ಬಿಳಿ ಪಂಚೆ.

ಥುಮ್ರೈತಿನಲ್ಲಿ ಪೆಟ್ರೋಲು ಹಾಕಿಸಿದ ಮೇಲೆ ಬಂಕಿನ ಹಿಂದೆ ಒಂದು ಏರು ಕಂಡಿತು. ಗಾಡಿಯ ಮೂತಿ ಮೇಲೆ ಮಾಡಿ ನಿಲ್ಲಿಸಲು ಹೇಳಿ ಮಾಡಿಸಿದ ಹಾಗಿತ್ತು. ಅಣ್ಣ ಅದರ ಬುಡದಲ್ಲಿ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದ.

"ಅರ್ಧ ಗಂಟೆಯ ಕೆಲಸ. ಹಿಂದೆ ಸ್ಪಾನರ್ ಉಂಟು, ನೀರು ಬೇಕಾದಷ್ಟು ಉಂಟು" ಎಂದ.

ಇಲ್ಲೇ ಸರಿಮಾಡಿಬಿಟ್ಟರೆ ಸಲೀಂನ ಮನೆಗೆ ಹೋಗುವ ಅಗತ್ಯವೇ ಇರುವುದಿಲ್ಲ. ಸಮುದ್ರ ನೋಡಿ, ಬೊಂಡದ ಎಳನೀರು ಕುಡಿದು, ಮಸ್ಕತ್ತಿಗೆ ಮರಳಬಹುದು. ಗಾಡಿ ಯಾಕೆ ಸೋತಿತ್ತು ಎಂದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ತಿಳಿಯುವುದಿಲ್ಲ. ಅಣ್ಣ ಊರಿಗೆ ಬಂದು ಕಾಪುವಿನ ದೀಪಸ್ತಂಭದ ಕೆಳಗೆ ಗಾಳಿ ತಿನ್ನುತ್ತಾ, ಮಸ್ಕತ್ತಿನಲ್ಲಿ ನನಗೊಬ್ಬ ಗೆಳೆಯ ಇದ್ದ ಎಂದು ಹೇಳಿಕೊಂಡು ಇರಬಹುದು.

ಅವನು ಹಿಂದಿನ ಬಾಗಿಲು ತೆರೆದ. ಸ್ಪಾನರುಗಳ ಪೆಟ್ಟಿಗೆ ಹೊರಗೆಳೆದು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡು ನಿಂತ. ಮತ್ತೆ ಒಳಗಿಟ್ಟು ಬಾಗಿಲು ಹಾಕಿದ.

"ಬೇಡ. ಅವನ ಎದುರೇ ಬಿಚ್ಚುವ. ಅವನು ಕಣ್ಣಾರೆ ಕಾಣಲಿ."

ಥುಮ್ರೈತ್ ದಾಟಿ ಬೆಟ್ಟದ ನೆತ್ತಿಗೆ ಬಂದಾಗ ನೋಡಿದ್ದನ್ನು ಹೇಗೆ ಬರೆಯಲಿ? ನಾವು ಸುಡುವ ಬಿಸಿಲಿನಲ್ಲಿದ್ದೆವು, ಎದುರಿಗೆ ಮಂಜಿನ ಗೋಡೆ ನಿಂತಿತ್ತು. ರಸ್ತೆ ನೇರವಾಗಿ ಅದರೊಳಗೆ ಹೋಗುತ್ತಿತ್ತು. ಒಳಹೊಕ್ಕ ಕೂಡಲೇ ಗಾಜಿನ ಮೇಲೆ ತುಂತುರು. ಬದಿಯ ಗುಡ್ಡಗಳು ಹಸಿರೋ ಹಸಿರು. ಗಾಜು ಇಳಿಸಿದೆ; ಹಸಿ ಮಣ್ಣಿನ, ಸೆಗಣಿಯ, ಎಲೆ ಕೊಳೆತ ವಾಸನೆ. ಹೆಬ್ರಿ ದಾಟಿ ಘಟ್ಟದ ಬುಡ ತಲುಪಿದಾಗ ಮೂಗಿಗೆ ಬರುತ್ತದಲ್ಲ, ಅದೇ. ಸಾವಿರ ಕಿಲೋಮೀಟರ್ ಮರಳು ದಾಟಿದ ಮೇಲೆ ಯಾರೋ ನಮ್ಮ ಆಷಾಢವನ್ನು ತಂದು ಇಲ್ಲಿ ಬಚ್ಚಿಟ್ಟಿದ್ದರು. ನನಗೆ ಗೊತ್ತಿಲ್ಲದೆ ಕಣ್ಣಲ್ಲಿ ನೀರು ಬಂದಿತ್ತು.

ಸಲಾಲಾ

ಸಲೀಂನ ಮನೆ ಬೆಟ್ಟದ ಬುಡದಲ್ಲಿ. ಗೇಟಿನವರೆಗೆ ಬಾಳೆ, ಅಂಗಳದ ಮೂಲೆಯಲ್ಲಿ ತೆಂಗು. ಉಚ್ಚಿಲದ ಯಾವುದೋ ಒಳದಾರಿಯಲ್ಲಿ ಹೋಗಿ ಪರಿಚಯದವರ ಮನೆ ಹುಡುಕಿದ ಹಾಗಿತ್ತು. ಎಂಜಿನಿನ ಸದ್ದು ಕೇಳಿಯೇ ಅವನಿಗೆ ಯಾರೆಂದು ತಿಳಿದಿರಬೇಕು. ನಾವು ಇಳಿಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ. ಬಿಳಿ ನಿಲುವಂಗಿಯ ತೆಳ್ಳಗಿನ ಮನುಷ್ಯ. ನಗಲಿಲ್ಲ, ಬಾ ಎನ್ನಲೂ ಇಲ್ಲ.

ಅವರಿಬ್ಬರ ಭಾಷೆ ಹಿಂದಿ, ಅರಬಿ, ತುಳು ಕಲಸಿದ್ದು. ನನಗೆ ಮುಕ್ಕಾಲು ಭಾಗ ಅರ್ಥವಾಗುತ್ತಿತ್ತು.

ಅಣ್ಣ ನಮಸ್ಕಾರವನ್ನೂ ಮಾಡಲಿಲ್ಲ. ಲ್ಯಾಪ್‌ಟಾಪ್ ತೆರೆದು ಬಾನೆಟ್ಟಿನ ಮೇಲೆ ಇಟ್ಟ. ತುಂತುರಿಗೆ ಒದ್ದೆಯಾಗದ ಹಾಗೆ ನಾನು ದುಪ್ಪಟ್ಟ ಅಡ್ಡ ಹಿಡಿದೆ. ಸಲೀಂ ಹತ್ತಿರ ಬಂದು ಬಗ್ಗಿದ. ಎರಡು ಕೆಂಪು ಗೆರೆಗಳನ್ನು ನೋಡಿದ, ಎರಡು ಹಳದಿ ಗೆರೆಗಳನ್ನು ನೋಡಿದ. ಯಾರೂ ಏನೂ ವಿವರಿಸಬೇಕಾಗಲಿಲ್ಲ.

"ಗಾಳಿ ಬಿಡಲಿಲ್ಲ ನೀನು" ಎಂದ.

"ಬಿಡಲಿಲ್ಲ" ಎಂದ ಅಣ್ಣ. "ನೀನು ಹೇಳಿದ್ದೆ. ನಾನು ನಕ್ಕೆ. ಆಮೇಲೆ ಎಲ್ಲರ ಎದುರು ನಿನ್ನ ಹೆಸರು ಹಾಳು ಮಾಡಿದೆ. ತಪ್ಪಾಯಿತು ಸಲೀಂ. ಆ ಹತ್ತು ಜನರಿಗೂ ನಾನೇ ಹೇಳ್ತೇನೆ."

ಸಲೀಂ ಪರದೆಯಿಂದ ಕಣ್ಣು ಎತ್ತಲಿಲ್ಲ. "ಅವರದ್ದು ಬಿಡು" ಎಂದ ಕೊನೆಗೆ. "ನನ್ನ ಟ್ಯೂನ್ ಬೋಗಸ್ ಅಂತ ನೀನೇ ನಂಬಿದೆಯಲ್ಲ, ಅದಕ್ಕೆ ಬೇಸರ."

ಅಣ್ಣ ಲ್ಯಾಪ್‌ಟಾಪ್ ಮುಚ್ಚಿದ. ಸಲೀಂ ನನ್ನ ಕಡೆ ತಿರುಗಿ, ಒರಟು ಉಚ್ಚಾರದಲ್ಲಿ, "ಒಣಸ್ ಆಂಡಾ?" ಎಂದು ಕೇಳಿದ. ಊಟ ಆಯಿತೇ ಎಂದು, ಅಚ್ಚ ತುಳುವಿನಲ್ಲಿ. ನಾನು ಇಲ್ಲವೆಂದು ತಲೆಯಾಡಿಸಿದೆ. ಅವನು ಒಳಗಿನವರಿಗೆ ಏನೋ ಕೂಗಿ ಹೇಳಿ, ತೋಳು ಮಡಚಿಕೊಂಡು, "ಮೂತಿ ಅಲ್ಲಿಗೆ ಹತ್ತಿಸು" ಎಂದು ಅಣ್ಣನಿಗೆ ಅಂಗಳದ ಏರು ತೋರಿಸಿದ.

ಊಟದ ಪರಿಮಳ ಬರುವಷ್ಟರಲ್ಲಿ ಗಾಡಿಯ ಪುಟ್ಟ ಟ್ಯಾಂಕಿಯಲ್ಲಿ ಗುಳುಗುಳು ಶುರುವಾಯಿತು. ಗುಳ್ಳೆಗಳು ಒಂದರ ಹಿಂದೊಂದು ಎದ್ದು ಒಡೆದವು. ಸಲೀಂ ಪೈಪು ಹಿಂಡಿದ, ಅಣ್ಣ ಬಾಟಲಿಯಿಂದ ನೀರು ಸುರಿದ. ಆಮೇಲೆ ನೀರು ತನ್ನಷ್ಟಕ್ಕೆ ಸುತ್ತತೊಡಗಿತು. ಇಬ್ಬರೂ ತಲೆಗೆ ತಲೆ ತಾಗಿಸಿ ಅದನ್ನು ನೋಡುತ್ತಾ ನಿಂತರು, ಮಗುವಿನ ತೊಟ್ಟಿಲಿಗೆ ಬಗ್ಗಿದವರ ಹಾಗೆ.

ಊಟ ಮುಗಿದ ಮೇಲೆ ಪರೀಕ್ಷೆಗೆಂದು ಹೊರಟೆವು. ಸಲೀಂ ಮುಂದೆ, ನಾನು ಹಿಂದೆ. ಅಣ್ಣ ಒಂದು ಸಣ್ಣ ಏರಿನಲ್ಲಿ ಕಾಲು ಒತ್ತಿದ. ಗಾಡಿ ಹಾರಿತು, ಮತ್ತೆ ಸಪ್ಪೆಯಾಗಲಿಲ್ಲ. ಹಾರುತ್ತಲೇ ಹೋಯಿತು. ಇಬ್ಬರೂ ಒಟ್ಟಿಗೆ ಕೂಗಿದರು. ಎದುರಿನ ನೇರ ರಸ್ತೆಯಲ್ಲಿ ಇನ್ನೊಮ್ಮೆ ನೋಡುವ ಎಂದು ಅಣ್ಣ ಸಿದ್ಧನಾಗುವಷ್ಟರಲ್ಲಿ ಸಲೀಂ ಅವನ ತೋಳು ಹಿಡಿದ.

ಮಂಜಿನೊಳಗೆ ಏನೋ ಅಲುಗಿತು. ಮೊದಲು ಉದ್ದ ಕಾಲುಗಳು, ಆಮೇಲೆ ಗಾಳಿಯಲ್ಲಿ ತೇಲುವ ಕುತ್ತಿಗೆಗಳು. ಒಂಟೆಗಳ ಮಂದೆ ರಸ್ತೆಯ ಅಗಲಕ್ಕೂ ಹರಡಿ, ನಾವು ಹೋಗುವ ದಿಕ್ಕಿನಲ್ಲೇ ನಡೆಯುತ್ತಿತ್ತು. ಕಾಯುವವರು ಯಾರೂ ಕಾಣಲಿಲ್ಲ. ಅಣ್ಣ ಹಾರ್ನಿಗೆ ಕೈ ಹಾಕಲಿಲ್ಲ.

"ಎಲ್ಲಿಯವರೆಗೆ ಹೀಗೆ?" ಎಂದು ಕೇಳಿದ.

"ಅವಕ್ಕೆ ಇಷ್ಟ ಇರುವವರೆಗೆ" ಎಂದ ಸಲೀಂ.

ಬೆಟ್ಟ ಕೀಳುವಷ್ಟು ಬಲ ಮರಳಿ ಪಡೆದ ಗಾಡಿ ಒಂಟೆಗಳ ಬಾಲದ ಹಿಂದೆ ನಡಿಗೆಯ ವೇಗದಲ್ಲಿ ತೆವಳಿತು. ಸಲೀಂ ಕಾಲು ಚಾಚಿ, ಊರಿಗೆ ಹೋದ ಮೇಲೆ ದಿನವಿಡೀ ಏನು ಮಾಡುತ್ತೀ ಎಂದು ಅಣ್ಣನನ್ನು ಕೇಳಿದ. ಅಣ್ಣ ಯೋಚಿಸಿ, ಗೊತ್ತಿಲ್ಲ ಎಂದ. ಆಮೇಲೆ ಇಬ್ಬರೂ ಅದರ ಬಗ್ಗೆ ಸಾವಕಾಶವಾಗಿ ಮಾತಾಡತೊಡಗಿದರು. ನಾನು ಗಾಜಿಗೆ ತಲೆಯಾನಿಸಿ ಕೇಳುತ್ತಾ ಕೂತೆ. ಮುಂದಿನ ಒಂಟೆ ಒಮ್ಮೆ ಹಿಂತಿರುಗಿ ನಮ್ಮನ್ನು ನೋಡಿ, ಮತ್ತೆ ಮಂಜಿನೊಳಗೆ ಮುಖ ಮಾಡಿ ನಡೆಯಿತು.